ತಪ್ಪು ತಂತಿ ಮಾಸ್ತರ

ಅಣ್ಣಾ,

ಮೊನ್ನೆ ಸಂಡೂರು ದಾಟಿ ಯಶವಂತನಗರಕ್ಕ ಹೋಗಿದ್ದೆ. ಅದಿರು ಲಾರಿಗಳ ಕೆಂಪು ಧೂಳು ಸೀರಿಗೆಲ್ಲಾ ಮೆತ್ತಿತ್ತು. ಈ ವಯಸ್ಸಿನ್ಯಾಗ ಯಾಕ ಅಲ್ಲಿಗೆ ಅಂತೀಯೇನು? ಒಂದು ತಪ್ಪು ಒಪ್ಪಿಗೋಬೇಕಾಗಿತ್ತು. ನೀನು ತೀರಿದ ಸುದ್ದಿ ತಂದ ತಂತೀನ ಓದಿದಾಕಿ ನಾನು. ತಪ್ಪು ಓದಿದೆ. ಆ ತಪ್ಪನ್ನ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾರೆಯವರು ಹೊತ್ತಾರ. ನಿನಗ ಇದೇನೂ ಗೊತ್ತಿಲ್ಲ, ಗೊತ್ತಾಗಾಕ ನೀನರ ಎಲ್ಲಿದ್ದಿ?

ಏರ್‌ಫೋರ್ಸಿನಿಂದ ಕಡೇ ಸಲ ರಜಾಕ್ಕ ಬಂದಾಗ ನನ್ನ ಹಂಪಿಗೆ ಕರಕೊಂಡು ಹೋಗಿದ್ದಿ, ನೆನಪೈತಿ? ಬಜಾರಿನ ಕಲ್ಲು ಮಂಟಪದಾಗ ಕುಂತು ಮಂಡಕ್ಕಿ, ಮಿರ್ಚಿ ತಿಂದ್ವಿ. ಮಿರ್ಚಿ ಕಟ್ಟಿದ್ದು ಇಂಗ್ಲಿಷ್ ಪೇಪರಿನಾಗ. ಎಣ್ಣಿ ಹತ್ತಿದ ಆ ತುಂಡನ್ನ ನನ್ನ ಕೈಗೆ ಕೊಟ್ಟು ಓದು ಅಂದಿ. ನಾ ತಡವರಿಸಿದೆ. "ದೊಡ್ಡ ಶಬ್ದ ಕಂಡ್ರ ಹೆದರಬ್ಯಾಡಲೇ. ಒಡಕೊಂಡು ಓದು. ಗೊತ್ತಿರೋ ತುಂಡು ಮೊದಲು ಹಿಡಿ," ಅಂದಿ. ಬರೂವಾಗ ಬಸ್ಸಿನ್ಯಾಗ ಸಣ್ಣ ದನಿಲೆ ಹೇಳಿದಿ, ಯುದ್ಧ ಬರೂ ಹಂಗದ, ಅವ್ವಗ ಹೇಳಬ್ಯಾಡ ಅಂತ. ಮನಿಗೆ ಬಂದು ಕಾಲು ತೊಳಿಯೂದ್ರಾಗ ಹೇಳಿಬಿಟ್ಟೆ. ನನ್ನ ಬಾಯಾಗ ಯಾವ ಮಾತು ನಿಂತಿತ್ತು ಹೇಳು, ಈ ತಂತೀ ಮಾತೊಂದು ಬಿಟ್ಟು.

ಬಾಂಗ್ಲಾ ಯುದ್ಧ ಶುರುವಾದ ಮ್ಯಾಲೆ ಕಂಪ್ಲಿಯ ನಮ್ಮ ಅಕ್ಕಿ ಗಿರಣಿ ಮುಂದ ದಿನಾ ರೇಡಿಯೋ ಕೇಳಾಕ ಜನ ಸೇರತಿದ್ರು. ತಂತಿ ಬಂದದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಅಪ್ಪ ಗುಮಾಸ್ತರನ್ನ ಕರೀರಿ ಅಂದ. ನಾನ ಕಸಗೊಂಡೆ, "ಕೊಡಪಾ, ನಾ ಓದ್ತೀನಿ." ಎಂಟನೇ ಇಯತ್ತೆ ಹುಡುಗಿ, ಕ್ಲಾಸಿಗೆ ಫಸ್ಟು, ಅಷ್ಟು ಸೊಕ್ಕು. ನಿನ್ನ ಹೆಸರಿತ್ತು. ಕಿಲ್ಡ್ ಅಂತ ಇತ್ತು. ಆಕ್ಸಿಡೆಂಟ್ ಅಂತ ಇತ್ತು. ಅದಕ್ಕ ಮೊದಲು ಒಂದು ಗೊತ್ತಿಲ್ಲದ ಶಬ್ದ. ನೀ ಹೇಳಿದಂಗ ಒಡದೆ. ಗೊತ್ತಿರೋ ತುಂಡು ಹಿಡಿದೆ. ಟ್ರೇನ್. "ಅಣ್ಣ ರೈಲು ಅಪಘಾತದಾಗ..." ಅಂದೆ. ಟ್ರೈನಿಂಗ್ ಅಂದ್ರ ತರಬೇತಿ ಅಂತ ನನಗ ಯಾರು ಹೇಳಿದ್ರು? ಅಕ್ಷರ ಹೆಂಗಿದ್ವು ಅನ್ನೂದು ಈಗ ನೆನಪಿಲ್ಲ. ಕಣ್ಣಾಗ ನೀರು ತುಂಬಿತ್ತು.

ಅಪ್ಪ ತಂತಿ ಮನ್ಯಾಗ ಬಿಟ್ಟು ನಿಂತ ಕಾಲ ಮ್ಯಾಲೆ ಹೊಸಪೇಟಿ ಸ್ಟೇಷನ್ನಿಗೆ ಹೋದ, ಯಾವ ರೈಲು, ಎಲ್ಲಿ ಬಿತ್ತು ಅಂತ ಕೇಳಾಕ. ಮರುದಿನ ವಾಪಸ್ ಬಂದಾಗ ನಗತಿದ್ದ. "ಎಲ್ಲೂ ಯಾವ ರೈಲೂ ಬಿದ್ದಿಲ್ಲಂತ. ಸ್ಟೇಷನ್ ಮಾಸ್ತರ ನನ್ನ ಮುಂದ ಫೋನ್ ಮಾಡಿ ಕೇಳಿದ. ವಿಮಾನ ಹಾರಸಾವ ರೈಲಿನ್ಯಾಗ ಯಾಕ ಸಾಯ್ತಾನ? ಅದೇ ಹೆಸರಿನ ಬ್ಯಾರೆ ಯಾರದೋ ತಂತಿ ನಮಗ ಬಂದದ." ನೆಲ ಹಿಡಿದು ಮಲಗಿದ್ದ ಅವ್ವ ಎದ್ದಳು. ಜಳಕ ಮಾಡಿ ಹೋಳಿಗಿಗೆ ಬ್ಯಾಳಿ ಹಾಕಿದಳು. ಗಿರಣಿ ಆಳುಗಳಿಗೆಲ್ಲಾ ಊಟ ಹಾಕಿಸಿದ್ವಿ. ಎರಡು ದಿನ ನಮ್ಮನ್ಯಾಗ ನೀ ಬದುಕಿದ್ದಿ ಅಣ್ಣಾ.

ಮೂರನೇ ದಿನ ನಿನ್ನ ಏರ್‌ಫೋರ್ಸಿನವರು ನಿನ್ನನ್ನ ಪೆಟಿಗಿಯೊಳಗ ತಂದ್ರು. ಗಡಿಗೆ ಹೋಗಾಕ ಇನ್ನ ಕೆಲವು ದಿನ ಇದ್ವಂತ, ಹೊಸ ನಮೂನಿ ವಿಮಾನ ಕಲೀವಾಗ ಬಿತ್ತಂತ. ಆಫೀಸರು ಹಿಂದಿಯೊಳಗ ಮಾತಾಡ್ತಾ ಮಾತಾಡ್ತಾ "ಟ್ರೈನಿಂಗ್" ಅಂದ್ರು. ಆ ಶಬ್ದ ಕಿವಿಗೆ ಬಿದ್ದದ್ದ ತಡ ನಾ ತಪ್ಪು ಓದಿದ್ದು ತಿಳೀತು. ಅವ್ವ ಅವತ್ತು ಅಳಲಿಲ್ಲ. ಅದನ್ನ ಕಂಡು ನಾ ಭಾಳ ಹೆದರಿದೆ.

ನಿನ್ನ ಮಣ್ಣು ಮಾಡಿದ ವಾರಕ್ಕ ಅಪ್ಪ ಆ ತಂತಿ ಹಿಡಕೊಂಡು ಪೋಸ್ಟ್ ಆಫೀಸಿಗೆ ಹೊಂಟ. ಸಾಕ್ಷಿಗೆ ನನ್ನೂ ಕರಕೊಂಡ. ಯಂತ್ರದ ಟಕಟಕ ಕೇಳಿ ಕಾಗದದ ಮ್ಯಾಲೆ ತಂತಿ ಬರಕೊಳ್ಳಾವರು ಅಲ್ಲಿಯ ಪೋಸ್ಟ್ ಮಾಸ್ತರ, ಸಂಡೂರು ಕಡೆಯವರು, ವಯಸ್ಸು ಮೂವತ್ತೂ ಆಗಿರಲಿಲ್ಲ. ಅಪ್ಪ ಎಂದೂ ಹಂಗ ಬೈದಾವಲ್ಲ. "ನೀ ಬರೆದ ಒಂದು ಶಬ್ದಕ್ಕ ನನ್ನ ಹೆಂಡತಿ ಮಗ ಸತ್ತ ಸೂತಕದಾಗ ಹೋಳಿಗಿ ಮಾಡಿದಳು," ಅಂದ. ಸಾಲಿನ್ಯಾಗ ನಿಂತ ಜನ ಎಲ್ಲಾ ಕೇಳಿದ್ರು. ಮಾಸ್ತರ ಆ ಕಾಗದ ಇಸಕೊಂಡು ನೋಡಿದ್ರು. ಆಮ್ಯಾಲೆ ನನ್ನ ಮಾರಿ ನೋಡಿದ್ರು. ನಾ ಅಪ್ಪನ ಹಿಂದ ಸರಿದೆ. "ತಪ್ಪಾಗೇತ್ರಿ ಸಾವ್ಕಾರ್ರ. ನನ್ನ ಕಡೆಯಿಂದ ಆಗೇತಿ," ಅಂದ್ರು. ಅಪ್ಪ ಕಾಗದ ಕಸಗೊಂಡು ಚೂರು ಚೂರು ಮಾಡಿ ಒಗದ. ನಾ ಬಾಯಿ ತೆಗೀಲಿಲ್ಲ.

ಅವತ್ತಿನಿಂದ ಊರಾಗ ಅವರ ಹೆಸರ "ತಪ್ಪು ತಂತಿ ಮಾಸ್ತರ" ಆತು. ಹುಡುಗ್ರು ಕೂಗತಿದ್ರು, ದೊಡ್ಡವರು ನಗತಿದ್ರು. ವರ್ಷ ತುಂಬೂದ್ರಾಗ ವರ್ಗ ಮಾಡಿಸಿಕೊಂಡು ಹೋದ್ರು. ಅಪ್ಪ, ಅವ್ವ ಅದನ್ನ ಖರೇ ಅಂತ ನಂಬಿಕೊಂಡೇ ತೀರಿಹೋದ್ರು. ಅವರ ಮುಂದ ಎಷ್ಟು ಸಲ ಬಾಯಿತನಕ ಬಂತೋ... ನಾ ಹೊಸಪೇಟಿಯೊಳಗ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರೂ ಆದೆ. ಖರೇ ಹೇಳ್ಲಿ? ನಾಚಿಕಿ ಆಗತಿತ್ತು, ಅದಕ್ಕ ಹೇಳಲಿಲ್ಲ. ಬ್ಯಾರೆ ಕಾರಣ ಇಲ್ಲ.

ಹೋದ ತಿಂಗಳ ಮದುವಿಯೊಂದರಾಗ ನನ್ನ ಹಳೇ ವಿದ್ಯಾರ್ಥಿನಿ ಶಾರದಾ ಸಿಕ್ಕಿದ್ದಳು. ಮಾತಿಗೆ ಮಾತು ಬಂದು ಗೊತ್ತಾತು, ಅಕಿ ಮಾವನೇ ಆ ಮಾಸ್ತರ. ಇನ್ನ ಅದಾರ, ಮಗ ಗಣಿ ಕಂಪನಿಯೊಳಗ ಇದ್ದಾನ, ಅವನ ಕ್ವಾರ್ಟರ್ಸಿನ್ಯಾಗ ಇರತಾರಂತ. ಅವತ್ತೇ ಅವರ ವಿಳಾಸ ಬರಕೊಂಡೆ.

ಯಶವಂತನಗರದಾಗ ಅವರು ಬಾಗಲ ಮುಂದ ಕುರ್ಚಿ ಹಾಕ್ಕೊಂಡು ಬಿಸಿಲಿಗೆ ಕುಂತಿದ್ರು. ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ. "ಬರ್ರಿ, ಕುಂದ್ರಿ," ಅಂದ್ರು. ಕುಂದ್ರಲಿಲ್ಲ. ನಿಂತೇ ಎಲ್ಲಾ ಹೇಳಿದೆ. ನೀವು ಸರಿ ಬರೆದಿದ್ರಿ, ನಾ ತಪ್ಪು ಓದಿದೆ, ನನ್ನ ಉಳಿಸಾಕ ನೀವು ಬೈಸಿಕೊಂಡ್ರಿ ಅಂದೆ.

"ಇಲ್ಲವ್ವಾ," ಅಂದ್ರು. "ನಿನ್ನ ಉಳಿಸಾಕಲ್ಲ. ತಪ್ಪು ನಂದ. ಸಾವಿನ ಸುದ್ದಿ ನೋಡು, ಅವಸರದಾಗ ಅಕ್ಷರ ದೊಡ್ಡವು ಬಿದ್ವು. ಸಾಲಿನ್ಯಾಗ ಜಾಗ ಸಾಲಲಿಲ್ಲ. ಟ್ರೇನ್ ಮ್ಯಾಲಿನ ಸಾಲಿಗೆ ಆತು, ಇಂಗ್ ಕೆಳಗಿನ ಸಾಲಿಗೆ ಹೋತು. ಇನ್ನೊಂದು ಫಾರಂ ತಗೊಂಡು ಬರೀಬೇಕಿತ್ತು. ಜಲ್ದಿ ಮುಟ್ಟಲಿ ಅಂತ ಹಂಗ ಕಳಿಸಿಬಿಟ್ಟೆ. ಮಕ್ಕಳು ಓದಿದ್ರ ಹಂಗ ಓದತಾವ, ಅದರಾಗ ಏನೈತಿ?"

ನಾ ಅಲ್ಲ ಅಂದೆ, ಅವರು ಹೌದು ಅಂದ್ರು. ತಪ್ಪು ನಂದು ಅಂತ ಇಬ್ರೂ ಜಗಳಾಡಿದ್ವಿ ನೋಡು. ಶಾರದಾ ಚಾ ಹಿಡಕೊಂಡು ಬಾಗಲದಾಗ ನಿಂತಾಕಿ ನಗಬೇಕೋ ಅಳಬೇಕೋ ತಿಳೀದ ನೋಡತಿದ್ದಳು. ಆ ಕಾಗದ ಇದ್ದಿದ್ರ ಯಾರು ಖರೇ ಅಂತ ತಿಳೀತಿತ್ತು. ಅದನ್ನ ಅಪ್ಪ ಹರಿದಾನಲ್ಲ, ಇನ್ನ ಯಾರಿಗೂ ತಿಳಿಯಂಗಿಲ್ಲ. ಆದ್ರ ಅವರನ್ನ ನೋಡಿ ನನಗ ಒಂದು ತಿಳೀತು. ನಾ ಒಬ್ಬಾಕೀನ ಇದನ್ನ ಹೊತ್ತೀನಿ ಅಂತ ಮಾಡಿದ್ದೆ. ಅವರೂ ನಿನ್ನ ಸಾವನ್ನ ಇಷ್ಟು ವರ್ಷ ತಮ್ಮ ಮನೀ ಸಾವಿನಂಗ ನೆನಸ್ಯಾರ.

ಈಗ ಸುದ್ದಿ ಕೇಳು. ಬರೂ ಐತಾರ ಕಂಪ್ಲಿಯ ನಿನ್ನ ಹಳೇ ಶಾಲಿಯೊಳಗ ಒಂದು ಓದೂ ಕೋಣಿಗೆ ನಿನ್ನ ಹೆಸರು ಇಡತಾರ. ಯುದ್ಧದಾಗ ಮಡಿದ ಅಂತ ಬರೆಸಾಕ ಹೊಂಟಿದ್ರು. ತರಬೇತಿಯೊಳಗ ಅಂತ ಬರೀರಿ, ಅದೇನು ಕಡಿಮಿ ಸಾವೇನು ಅಂತ ನಾ ಜಗಳಾ ತಗದು ಬರೆಸೀನಿ. ಮಾಸ್ತರನ್ನ ಕರಕೊಂಡು ಬರಾಕ ಕಾರು ಹೇಳೀನಿ. "ಆ ಊರಿಗಿ ಬ್ಯಾಡವ್ವಾ," ಅಂದ್ರು. ಬಿಡಲಿಲ್ಲ ನಾನು. ಮುಂದಿನ ಸಾಲಿನ್ಯಾಗ ಅವರನ್ನ ಕುಂದ್ರಿಸಿ, ನಿನ್ನ ಬಗ್ಗೆ ಒಂದು ಮಾತು ಆಡೂದಕ್ಕ ಮೊದಲು ಊರವರ ಮುಂದ ಮೈಕ್ ಹಿಡಿದು ಹೇಳ್ತೀನಿ: ತಂತಿ ಸರಿ ಇತ್ತು. ಓದಿದಾಕಿ ನಾನು.

ನಿನ್ನ ತಂಗಿ