ಹನ್ನೊಂದನೇ ಪುಟದ ಪ್ರತಿಜ್ಞೆ

ಮನೆಯಿಂದ,
ಮಂಗಳವಾರ, ತಾರೀಕು ಹದಿನಾಲ್ಕು

ಪ್ರೀತಿಯ ಚುಕ್ಕಿ,

ಹೇಗಿದ್ದೀಯ ಮಗಳೇ? ಕೆಮ್ಮು ಇಳಿದಿದೆಯೇ? ನಿಮ್ಮ ಧ್ಯಾನ ನಿಲಯದಲ್ಲಿ ನಸುಕಿಗೇ ತಣ್ಣೀರಿನ ಸ್ನಾನ ಕಡ್ಡಾಯ ಎಂದು ನೀನು ಬರೆದಿದ್ದೆ. ಕಡ್ಡಾಯವಾದರೆ ಆಗಲಿ, ತಲೆಗೆ ಮಾತ್ರ ಹಾಕಿಕೊಳ್ಳಬೇಡ, ನಿನ್ನದು ಮೊದಲೇ ನೆಗಡಿಯ ಮೈ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ರಕ್ತದೊತ್ತಡ ಹತೋಟಿಗೆ ಬಂದಿದೆ, ನಾಲಿಗೆ ಇನ್ನೂ ಬಂದಿಲ್ಲ. ನನ್ನ ಬಲಗೈ ನಡುಗುವುದು ಸ್ವಲ್ಪ ಹೆಚ್ಚಾಗಿದೆ. ಅಕ್ಷರ ಬರೆದೇ ಸಂಸಾರ ಸಾಕಿದವನ ಬರವಣಿಗೆ ಈಗ ಕೋಳಿ ಕೆದರಿದ ಹಾಗಾಗಿದೆ ಎಂದು ನಿನ್ನ ಅಣ್ಣ ನಗುತ್ತಾನೆ. ನಗಲಿ, ಅವನಿಗೂ ವಯಸ್ಸಾಗುತ್ತದೆ.

ನಿನ್ನ ಪತ್ರ ಶನಿವಾರ ಬಂತು. ಬರುವ ಭಾನುವಾರ ಪ್ರತಿಜ್ಞೆ ಸ್ವೀಕರಿಸುತ್ತೀ, ಆಮೇಲೆ ಹೊರಗಿನವರ ಜೊತೆ ಪತ್ರವಿಲ್ಲ, ಭೇಟಿಯಿಲ್ಲ ಎಂದು ಬರೆದಿದ್ದೀ. ನಮಗೂ ಸಂತೋಷವಾಗಲಿ ಎಂದು ಪ್ರತಿಜ್ಞೆಯ ನಾಲ್ಕು ಸಾಲುಗಳನ್ನೂ ಚಂದವಾಗಿ ಬರೆದು ಕಳಿಸಿದ್ದೀ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು, ನಾನು ಬಟಾಣಿ ಬಿಡಿಸುತ್ತಿದ್ದೆ. ‘ನನ್ನ ಹೆಸರನ್ನು ಬೆಂಕಿಗೆ ಕೊಟ್ಟೆ. ನನ್ನ ನೆನಪನ್ನು ನೀರಿಗೆ ಕೊಟ್ಟೆ.’ ಅಲ್ಲಿಗೆ ನನ್ನ ಕೈ ನಿಂತಿತು. ಮೂರನೆಯ ಸಾಲನ್ನು ಅವಳು ಓದುವ ಮೊದಲೇ ನಾನು ಹೇಳಿದೆ: ‘ಹೊರಗಿನ ದನಿಗೆ ನನ್ನ ಕಿವಿ ಮುಚ್ಚಿದೆ.’ ನಾಲ್ಕನೆಯದನ್ನೂ ಹೇಳಿದೆ: ‘ಬಂದ ದಾರಿ ಇಲ್ಲ.’ ಅಮ್ಮ ಕನ್ನಡಕ ತೆಗೆದು ನನ್ನ ಮುಖ ನೋಡಿದಳು. ನಿನ್ನಿಂದ ನನಗೊಬ್ಬನಿಗೇ ಬೇರೆ ಪತ್ರ ಬರುತ್ತದೆ ಎಂದುಕೊಂಡಳೋ ಏನೋ, ಆ ಸಂಜೆಯೆಲ್ಲ ಮುನಿಸಿಕೊಂಡಿದ್ದಳು.

ಚುಕ್ಕಿ, ಆ ನಾಲ್ಕು ಸಾಲು ಬರೆದವನು ನಾನು.

ತಮಾಷೆ ಮಾಡುತ್ತಿಲ್ಲ. ನೀನು ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲಿನ ಮಾತು. ನಮ್ಮ ಕಾಮಿಕ್ಸ್ ಮಾಸಪತ್ರಿಕೆಯಲ್ಲಿ ಆಗ ಮಿಂಚುಗೈಯದೇ ರಾಜ್ಯ. ಅಂಗೈ ಚಾಚಿದರೆ ಸಿಡಿಲು ಹೊರಡುವ ಆ ವೀರನಿಗಾಗಿ ಮಕ್ಕಳು ತಿಂಗಳಿಡೀ ಕಾಯುತ್ತಿದ್ದರು. ಒಂದು ಸಂಚಿಕೆಯಲ್ಲಿ ಅವನು ‘ಮೌನ ಮಂಡಲಿ’ ಎಂಬ ಕರಾಳ ಪಂಥವನ್ನು ಎದುರಿಸುತ್ತಾನೆ. ಕರಿಯ ನಿಲುವಂಗಿ, ಮುಖವಾಡ, ನೆಲಮಾಳಿಗೆ, ಮಂಕುಹಿಡಿದ ಹಾಗೆ ಸಾಲಾಗಿ ನಡೆಯುವ ಜನ. ನಮ್ಮಲ್ಲಿ ಕೆಲಸದ ಕ್ರಮ ಗೊತ್ತಲ್ಲ, ಚಿತ್ರಗಾರ ಮೊದಲು ಚಿತ್ರ ಮುಗಿಸಿ ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು ನನ್ನ ಮೇಜಿಗೆ ಕಳಿಸುತ್ತಿದ್ದ. ಕಥೆಗಾರ ಕೊಟ್ಟ ಮಾತನ್ನು ಆ ಗುಳ್ಳೆಯೊಳಗೆ ಹಿಡಿಸಿ ಬರೆಯುವುದು ನನ್ನ ಕೆಲಸ. ಹನ್ನೊಂದನೇ ಪುಟಕ್ಕೆ ಕಥೆಗಾರ ಮಾತೇ ಬರೆದಿರಲಿಲ್ಲ, ‘ಇಲ್ಲಿ ಭಯಂಕರ ಪ್ರತಿಜ್ಞೆ’ ಎಂದಷ್ಟೇ ಇತ್ತು. ಪುಟ ಮಧ್ಯಾಹ್ನವೇ ಅಚ್ಚಿಗೆ ಹೋಗಬೇಕು. ಕೇಳಿದರೆ, “ಮೈ ಜುಮ್ ಅನ್ನೋ ಹಾಗೆ ಏನಾದ್ರೂ ಗೀಚಯ್ಯ, ನಾನು ಊಟಕ್ಕೆ ಹೋಗ್ತೀನಿ” ಎಂದು ಹೊರಟೇಬಿಟ್ಟ. ಅವನು ಕೈತೊಳೆದು ಬರುವಷ್ಟರಲ್ಲಿ ನಾನು ಗೀಚಿ ಮುಗಿಸಿದ್ದೆ.

ನಾಲ್ಕನೆಯ ಸಾಲಿನ ಬಗ್ಗೆ ನಿಮ್ಮ ನಿಲಯದ ಹಿರಿಯರು ಒಂದು ಗಂಟೆ ಪ್ರವಚನ ಮಾಡಿದರು ಎಂದು ಬರೆದಿದ್ದೀಯಲ್ಲ, ಉಳಿದ ಮೂರಕ್ಕಿಂತ ಅದು ಗಿಡ್ಡ ಯಾಕೆ, ಅದರ ನಂತರದ ಮೌನದಲ್ಲಿ ಏನು ಅಡಗಿದೆ ಎಂದು. ನಾನು ಮೊದಲು ಯೋಚಿಸಿದ್ದು ‘ಬಂದ ದಾರಿಯ ಕಡೆಗೆ ಇನ್ನೆಂದೂ ತಿರುಗಿ ನೋಡುವುದಿಲ್ಲ’ ಎಂದು. ಆದರೆ ಚಿತ್ರಗಾರ ಮುಖವಾಡದವನ ಕೈಗೆ ದೊಡ್ಡ ಪಂಜು ಕೊಟ್ಟಿದ್ದ. ಪಂಜಿನ ಜ್ವಾಲೆ ನಾಲ್ಕನೆಯ ಗುಳ್ಳೆಯ ಅರ್ಧ ನುಂಗಿತ್ತು. ಮೂರು ಪದಕ್ಕಷ್ಟೇ ಜಾಗವಿತ್ತು, ಮೂರು ಪದ ಬರೆದೆ.

ಇಷ್ಟು ಓದಿ ನಿನಗೆ ಸಿಟ್ಟು ಬಂದಿರಬಹುದು. ನಿನ್ನೆ ಅಟ್ಟ ಹತ್ತಿ ಹಳೆಯ ಕಟ್ಟುಗಳನ್ನೆಲ್ಲ ಹುಡುಕಿದೆ, ಮಂಡಿ ಇನ್ನೂ ಬೈಯುತ್ತಿದೆ. ಆ ಪುಟವನ್ನು ಸಂಚಿಕೆಯಿಂದ ಬಿಡಿಸಿ ಇದರ ಜೊತೆಗೆ ಇಟ್ಟಿದ್ದೇನೆ. ಅಕ್ಷರ ನನ್ನದೇ ಎಂದು ನಿನಗೆ ಬೇರೆ ಸಾಕ್ಷಿ ಬೇಕಿಲ್ಲ. ಆ ಸಾಲುಗಳು ನಿಮ್ಮ ನಿಲಯಕ್ಕೆ ಹೇಗೆ ಹೋದವೋ ನನಗೆ ಗೊತ್ತಿಲ್ಲ. ಆ ಸಂಚಿಕೆ ಮೂರು ಸಲ ಅಚ್ಚಾಗಿತ್ತು, ಮಕ್ಕಳು ಬೀದಿ ಬೀದಿಯಲ್ಲಿ ಕರಿ ಕಂಬಳಿ ಹೊದ್ದು ಪ್ರತಿಜ್ಞೆಯ ಆಟ ಆಡುತ್ತಿದ್ದರು. ನಿಮ್ಮ ಹಿರಿಯರಿಗೆ ಈಗ ಐವತ್ತು ದಾಟಿರಬೇಕು, ಆಗ ಅವರೂ ಚಡ್ಡಿ ಹಾಕುತ್ತಿದ್ದವರೇ. ಎಲ್ಲಿ ಓದಿದ್ದೆಂಬುದು ಮರೆತು, ಧ್ಯಾನದಲ್ಲಿ ಹೊಳೆಯಿತು ಎಂದು ಅವರು ನಿಜವಾಗಿಯೂ ನಂಬಿರಬಹುದು. ಗೊತ್ತಿದ್ದೂ ಮಾಡಿರಬಹುದು. ಪತ್ರಿಕೆಗೆ ಕೊಟ್ಟು ಅವರ ಮಾನ ಹರಾಜು ಹಾಕೋಣ ಎಂದು ನಿನ್ನ ಅಣ್ಣ ಕುಣಿದ. ನಾನು ಬೇಡವೆಂದೆ. ಊರು ನಗುವಾಗ ಅವರನ್ನೊಬ್ಬರನ್ನೇ ನೋಡಿ ನಗುವುದಿಲ್ಲ, ನಿನ್ನನ್ನೂ ನೋಡಿ ನಗುತ್ತದೆ.

ಆದರೆ ಎರಡು ದಿನದಿಂದ ನನ್ನ ನಿದ್ದೆ ಕೆಡಿಸಿರುವುದು ಅವರಲ್ಲ. ಆ ಕಥೆಯ ಕೊನೆಯ ಚಿತ್ರಚೌಕ. ಮಿಂಚುಗೈ ಚಾವಣಿ ಒಡೆದು ಇಳಿಯುತ್ತಾನೆ, ಮುಖವಾಡ ಕಿತ್ತೆಸೆಯುತ್ತಾನೆ, ಜನರಿಗೆ ಮಂಕು ಬಿಡುತ್ತದೆ. ‘ಎಲ್ಲರೂ ತಮ್ಮ ತಮ್ಮ ಮನೆಗೆ ಮರಳಿದರು’ ಎಂದು ಕೆಳಗೆ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅವರು ಮನೆ ಬಿಟ್ಟು ಅಲ್ಲಿಗೆ ಯಾಕೆ ಹೋಗಿದ್ದರು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಅವರಿಗೆ ಯಾರು ಕಾದಿದ್ದರು, ಏನು ಮಾತಾಡಿದರು ಎಂಬುದಕ್ಕೆ ನಮ್ಮಲ್ಲಿ ಪುಟವೂ ಇರಲಿಲ್ಲ.

ನಿನ್ನ ಮದುವೆ ಮುರಿದು ನೀನು ಒಂದು ಪೆಟ್ಟಿಗೆ ಹಿಡಿದು ಬಂದಾಗ ನಾನು ಏನು ಹೇಳಿದೆ, ನೆನಪಿದೆಯೇ? ಪೆಟ್ಟಿಗೆ ಒಳಗಿಡು ಎಂದೆ. ಏಳು ತಿಂಗಳು ಒಂದೇ ಸೂರಿನಡಿ ಇದ್ದೆವು, ಅದಕ್ಕಿಂತ ಹೆಚ್ಚಿಗೆ ನಾನು ಏನೂ ಹೇಳಲಿಲ್ಲ. ನೀನು ಬೆಳಗ್ಗೆ ಲ್ಯಾಬಿಗೆ ಹೋಗಿ ಪರರ ಕಟ್ಟುಹಲ್ಲು ತಿದ್ದಿ ಸಂಜೆ ಬಂದು ಕೋಣೆ ಸೇರುತ್ತಿದ್ದೆ. ಕೆದಕಿದರೆ ನೋಯುತ್ತದೆ ಎಂದು ನಾನು ಸುಮ್ಮನಿದ್ದೆ, ಸುಮ್ಮನಿರುವುದೇ ದೊಡ್ಡತನ ಎಂದುಕೊಂಡೆ. ಬೇರೆಯವರ ಬಾಯಿಗೆ ಮಾತು ಬರೆದು ಬರೆದು ನನ್ನ ಬಾಯಿ ಒಣಗಿಹೋಗಿತ್ತು. ನಿಲಯಕ್ಕೆ ಮೊದಲ ಸಲ ಹೋದ ದಿನ ಹಿರಿಯರು “ಊಟ ಮಾಡಿದ್ಯಾ ಮಗಳೇ?” ಅಂದರು, ಅಷ್ಟಕ್ಕೇ ಅತ್ತುಬಿಟ್ಟೆ ಎಂದು ನೀನು ಬರೆದಿದ್ದೆ. ಆ ಪತ್ರವನ್ನು ನಾನು ಅಮ್ಮನಿಗೆ ಕೊಡಲಿಲ್ಲ. ಆ ಪ್ರಶ್ನೆ ಕೇಳಬೇಕಾಗಿದ್ದವನು ನಾನು, ಮಗಳೇ. ನನ್ನಿಂದ ತಪ್ಪಾಯಿತು.

ಅಲ್ಲಿ ನಿನಗೆ ಸಿಕ್ಕ ನೆಮ್ಮದಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಯಾರೋ ಹೊಟ್ಟೆಪಾಡಿಗೆ ಬರೆದ ಸಾಲಿಗೂ ನಿಜವಾಗಿ ಕೈಮುಗಿಯಬಹುದು. ಆದರೆ ಅದನ್ನು ಬಾಯಲ್ಲಿ ಹೇಳುವ ಮೊದಲು ಯಾರು ಬರೆದದ್ದು, ಯಾತಕ್ಕೆ ಬರೆದದ್ದು ಎಂದು ನಿನಗೆ ಗೊತ್ತಿರಲಿ. ಮನುಷ್ಯರನ್ನು ಹೆದರಿಸಲು ಬರೆದೆ. ಈಗ ಅದು ನನ್ನನ್ನೇ ಹೆದರಿಸುತ್ತಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. “ಬುದ್ಧಿ ಹೇಳೋಕೆ ಹೋಗ್ಬೇಡಿ, ಅವಳ ಹತ್ರ ಹೋಗಿ” ಎಂದೂ ಹೇಳಿದ್ದಾಳೆ. ಅಣ್ಣನ ಮಗು ನಿನ್ನ ಫೋಟೋ ತೋರಿಸಿ ಅತ್ತೆ ಅನ್ನುತ್ತದೆ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ಹೊಟ್ಟೆ ತುಂಬ ಉಣ್ಣು.

ನಿನ್ನ
ಅಪ್ಪ

ಬರೆಯಲು ಮರೆತೆ: ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಒಳಗೆ ಬರುವುದಿಲ್ಲ, ಕೂಗಾಡುವುದಿಲ್ಲ, ಯಾರ ಜೊತೆಗೂ ಜಗಳವಿಲ್ಲ. ನಿಮ್ಮ ಗೇಟಿನ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೊನೆಯ ಬಸ್ಸಿನವರೆಗೆ ಕೂತಿರುತ್ತೇನೆ. ನೀನು ಹೊರಗೆ ಬಂದರೆ ಕೂತು ಮಾತಾಡೋಣ, ಮನೆಗೆ ಬಾ ಎಂದೂ ಒತ್ತಾಯಿಸುವುದಿಲ್ಲ. ಬರದಿದ್ದರೆ ಶನಿವಾರ ಬರುತ್ತೇನೆ. ಭಾನುವಾರ ನೀನು ಆ ನಾಲ್ಕು ಸಾಲು ಹೇಳಿಬಿಟ್ಟರೆ, ಸೋಮವಾರ ಬರುತ್ತೇನೆ.