ಮೀಟರಿನ ಮೇಲಿನ ಹೆಸರು

ಶಂಕರಪುರ
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ಜೋನ್,

ಲಕೋಟೆಯ ಮೇಲೆ ಕಾನ್ವೆಂಟಿನವರು ನಿನಗಿಟ್ಟ ಹೆಸರೇ ಇರುತ್ತದೆ, ಹೆದರಬೇಡ. ಒಳಗೆ ಮಾತ್ರ ನೀನು ನನ್ನ ತಂಗಿ ಜೋನ್. ನಿಮ್ಮ ಮದರ್ ಸುಪೀರಿಯರ್ ಬಂದು ಹೇಳಿದರೂ ನಾನು ಅದನ್ನು ಬಿಡುವವಳಲ್ಲ. ಹೇಗಿದ್ದೀ? ಮಂಡಿನೋವು ಕಡಿಮೆಯಾಯಿತೇ? ಆ ಘಟ್ಟದ ಮೇಲಿನ ಚಳಿಯಲ್ಲಿ ಬೆಳಗಿನ ಜಾವ ಬರಿ ನೆಲದ ಮೇಲೆ ಮೊಣಕಾಲೂರಿದರೆ ನೋವು ಬಾರದೆ ಇನ್ನೇನು ಬರುತ್ತದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೋ ಮಾರಾಯ್ತಿ, ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿ ಮಳೆ ಹಿಡಿದಿದೆ. ಮಲ್ಲಿಗೆ ಗಿಡದಲ್ಲಿ ಮೊಗ್ಗಿಗಿಂತ ನೀರೇ ಹೆಚ್ಚು. ಬೆಳಿಗ್ಗೆ ಕುಯ್ದದ್ದು ಒಂದು ಅಟ್ಟೆ ಹೂಮಾಲೆ ಕಟ್ಟಲಿಕ್ಕೂ ಸಾಲುವುದಿಲ್ಲ. ನಿನ್ನ ಭಾವ ರೊಸಾರಿಯೊ ಮಸ್ಕತ್ ಬಿಟ್ಟು ಬಂದ ಮೇಲೆ ಎಲ್ಲರಿಗೂ ಬುದ್ಧಿ ಹೇಳುವ ಕೆಲಸ ಹಿಡಿದಿದ್ದಾರೆ, ಅದಕ್ಕೆ ಸಂಬಳವಿಲ್ಲ. ತಾಯಿ ಹೇಗಿದ್ದಾರೆಂದು ಕೇಳಿದ್ದೆಯಲ್ಲ, ಮಾಂಯ್ ಸೌಖ್ಯವಾಗಿದ್ದಾರೆ. ಈ ಮಾತನ್ನು ಈ ಸಲ ನಾನು ಸುಳ್ಳು ಬೆರೆಸದೆ ಬರೆಯುತ್ತಿದ್ದೇನೆ.

ಕಳೆದ ಆಗಸ್ಟಿನಲ್ಲಿ ನ್ಯುಮೋನಿಯಾ ಆಗಿ ಮಣಿಪಾಲದ ಆಸ್ಪತ್ರೆಯಿಂದ ಬಂದ ಮೇಲೆ ಮಾಂಯ್‌ಗೆ ಆಕ್ಸಿಜನ್ ಮೆಷಿನ್ ಇಟ್ಟಿದ್ದೇವೆ ಎಂದು ಬರೆದಿದ್ದೆನಲ್ಲ. ಬರೆಯದೆ ಬಿಟ್ಟದ್ದು ಏನೆಂದರೆ, ಆ ಮೆಷಿನ್ ನಡೆಯುವುದು ಕರೆಂಟಿನಲ್ಲಿ. ಇಲ್ಲಿ ಗಾಳಿಮಳೆಗೆ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಇಡೀ ದಿನ ಕತ್ತಲೆ ಎನ್ನುವುದು ನಿನಗೂ ಗೊತ್ತು. ಇನ್ವರ್ಟರ್ ಉಂಟಲ್ಲ ಎನ್ನುತ್ತೀಯೇನೋ. ಆ ಮೆಷಿನ್ ಎಳೆಯುವ ಎಳೆತಕ್ಕೆ ನಮ್ಮ ಹಳೆಯ ಇನ್ವರ್ಟರ್ ಒಂದು ಗಂಟೆಯೊಳಗೆ ಕುಯ್ ಎಂದು ಅಳತೊಡಗುತ್ತದೆ. ಆಮೇಲೆ ಮೂಲೆಯಲ್ಲಿಟ್ಟ ಸಿಲಿಂಡರ್. ಅದು ಮುಗಿಯುವುದರೊಳಗೆ ಕರೆಂಟ್ ಬಾರದಿದ್ದರೆ ಎಂತ ಮಾಡುವುದು ಎನ್ನುವುದನ್ನು ನಾನೂ ರೊಸಾರಿಯೊ ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಫ್ಯಾನ್ ನಿಧಾನವಾದರೆ ಸಾಕು, ನಾನು ಮಾಂಯ್‌ನ ಕೋಣೆಗೆ ಓಡುತ್ತಿದ್ದೆ.

ಸೋಲಾರ್ ಹಾಕೋಣ ಎಂದು ಶುರುಮಾಡಿದ್ದು ರೊಸಾರಿಯೊ. ಮಸ್ಕತ್‌ನಲ್ಲಿ ಬಿಸಿಲು ನೋಡಿ ನೋಡಿ ಅವರಿಗೆ ಬಿಸಿಲಿನ ಮೇಲೆ ಅಷ್ಟು ಪ್ರೀತಿ. ಆದರೆ ಬಿಸಿಲು ಸಿಗುವುದು ಸುಲಭ, ಕಾಗದ ಸಿಗುವುದು ಕಷ್ಟ ಎಂದು ತಿಂಗಳೊಳಗೆ ಗೊತ್ತಾಯಿತು. ಉಡುಪಿಗೆ ಹೋದರೆ ಕಾಪುವಿಗೆ ಹೋಗಿ ಎನ್ನುತ್ತಿದ್ದರು, ಕಾಪುವಿಗೆ ಹೋದರೆ ಪಂಚಾಯತಿನಲ್ಲಿ ಕೇಳಿ ಎನ್ನುತ್ತಿದ್ದರು. ಪಂಚಾಯತಿನಲ್ಲಿ ಇನ್ನೊಂದು ಗಂಟು. ಟೆರೇಸಿನಲ್ಲಿ ನಾವು ಹೂ ಕಟ್ಟುವುದು, ಬಟ್ಟೆ ಒಣಗಿಸುವುದು ಎಲ್ಲ ಉಂಟಲ್ಲ, ಹಾಗಾಗಿ ಪ್ಯಾನೆಲ್‌ಗಳನ್ನು ತಲೆ ತಾಗದಷ್ಟು ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಬೇಕಿತ್ತು. ಅಷ್ಟು ಎತ್ತರ ಎದ್ದರೆ ಅದು ಇನ್ನೊಂದು ಮಾಳಿಗೆಯ ಲೆಕ್ಕ, ನಕ್ಷೆ ಬೇಕು, ಪರವಾನಗಿ ಬೇಕು ಎಂದು ಅಲ್ಲಿನ ಹಳೆಯ ವಾಡಿಕೆ. ಗೋಡೆಯಿಲ್ಲದ, ಬಾಗಿಲಿಲ್ಲದ ಮಾಳಿಗೆ! ರೊಸಾರಿಯೊ ಮನೆಗೆ ಬಂದು ಚಪ್ಪಲಿಯನ್ನು ಒದ್ದು ಹಾಕಿ, "ಈ ಊರಿನಲ್ಲಿ ಸೂರ್ಯನಿಗೂ ಡೋರ್ ನಂಬರ್ ಬೇಕಂತೆ" ಎಂದರು.

ಆಗ ಬಂದವರು ವೇದಾವತಿ, ನಮ್ಮ ಪಂಚಾಯತಿಗೆ ಹೊಸದಾಗಿ ಬಂದ ಪಿಡಿಒ. ಕಾರ್ಕಳ ಕಡೆಯವರು, ಮಾತು ಕಡಿಮೆ. ಆ ಹೆಂಗಸು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ ಜೋನ್. ನಮ್ಮ ಹಾಗೆ ಅಲೆದು ಸುಸ್ತಾಗಿ ಕೈಬಿಟ್ಟವರು ಊರಿನಲ್ಲಿ ಎಷ್ಟು ಮಂದಿ ಎಂದು ಗ್ರಾಮಸಭೆಯಲ್ಲಿ ಕೇಳಿದರು. ಅರ್ಧ ಸಭೆ ಕೈಯೆತ್ತಿತು. ನಾನೂ ಎದ್ದು ನಿಂತು ಮಾತಾಡಿದೆ, ನಂಬುತ್ತೀಯಾ? ಬಾಯಿ ನಿನಗೆ ಗೊತ್ತಿರುವ ಬಾಯಿಯೇ ಅಲ್ಲವೇ. ಪ್ಯಾನೆಲ್ ಸ್ಟ್ಯಾಂಡ್ ಮಾಳಿಗೆಯಲ್ಲ, ಅದಕ್ಕೆ ಪರವಾನಗಿ ಬೇಡ, ಪಂಚಾಯತಿಗೆ ತಿಳಿಸಿದರೆ ಸಾಕು ಎಂದು ಅಂದೇ ನಿರ್ಣಯವಾಯಿತು. ಅದಾದ ಮೇಲೆ ತಿಂಗಳಿಗೊಂದು ದಿನ ಕರೆಂಟ್ ಆಫೀಸಿನವರು, ಬ್ಯಾಂಕಿನವರು, ಕೂರಿಸುವ ಕಂಪೆನಿಯವರು ಎಲ್ಲರನ್ನೂ ಪಂಚಾಯತ್ ಹಾಲಿನಲ್ಲಿ ಒಂದೇ ಉದ್ದದ ಮೇಜಿಗೆ ಕೂರಿಸಿದರು. ಈ ತುದಿಯಲ್ಲಿ ಕುಳಿತವರು ಆ ತುದಿಗೆ ಹೋಗುವುದರೊಳಗೆ ಕೆಲಸ ಮುಗಿಯುತ್ತಿತ್ತು. ಮೂರು ಊರು ಸುತ್ತಿಯೂ ಆಗದಿದ್ದದ್ದು ಮೂರು ಕುರ್ಚಿ ದಾಟಿದರೆ ಆಗುವುದಾದರೆ, ಇಷ್ಟು ದಿನ ನಾವು ಎಂತಕ್ಕೆ ಬಸ್ಸು ಹತ್ತಿದೆವು ಎಂದು ನಾನು ಬಾಯಿಬಿಟ್ಟು ನೋಡುತ್ತಾ ನಿಂತೆ. ಬ್ಯಾಟರಿಯ ವಿಷಯ ತಿಳಿದದ್ದೂ ಅಲ್ಲೇ. ಬರೀ ಪ್ಯಾನೆಲ್ ಹಾಕಿದರೆ ಲೈನಿನಲ್ಲಿ ಕರೆಂಟ್ ಹೋದಾಗ ಅದೂ ಬಂದ್ ಆಗುತ್ತದಂತೆ, ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು. ಬ್ಯಾಟರಿಯೂ ಇದ್ದರೆ ಮನೆಯೊಳಗೆ ಕರೆಂಟ್ ಉಳಿಯುತ್ತದಂತೆ. ಮಾಂಯ್‌ಗಾಗಿಯೇ ಹಾಕಿಸುವ ನಾವು ಅದನ್ನು ಕೇಳದೆ ಹೋಗಿದ್ದರೆ ಹೇಗಿರುತ್ತಿತ್ತು, ಹೇಳು!

ಅಷ್ಟೆಲ್ಲ ಆಗಿ ಕೊನೆಯ ಕುರ್ಚಿಯಲ್ಲಿ ನಾವು ಸಿಕ್ಕಿಬಿದ್ದೆವು. ಮೀಟರ್ ಇನ್ನೂ ಪಪ್ಪನ ಹೆಸರಿನಲ್ಲಿತ್ತು. ಸತ್ತವರ ಹೆಸರಿಗೆ ಸೋಲಾರ್ ಕೊಡಲಿಕ್ಕಾಗುವುದಿಲ್ಲ, ಮಾಂಯ್ ಹೆಸರಿಗೆ ಬದಲಾಯಿಸಬೇಕು, ಅದನ್ನೂ ಇದೇ ಮೇಜಿನಲ್ಲಿ ಮಾಡಿಕೊಡುತ್ತೇವೆ ಎಂದರು. ಮನೆಯಲ್ಲಿ ನಿನಗೆ ಹಕ್ಕು ಬೇಡವೆಂದು ನೀನು ಹಿಂದೆಯೇ ಬರೆದುಕೊಟ್ಟದ್ದರಿಂದ ನಿನ್ನ ಕಡೆಯ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಮಾಂಯ್ ಕಡೆಯಿಂದ. ಪಪ್ಪ ಹೋದ ಮೇಲೆ ಮಾಂಯ್ ಕರೆಂಟ್ ಬಿಲ್ಲನ್ನು ಎಂತ ಮಾಡುತ್ತಾರೆಂದು ನೀನು ನೋಡಿಲ್ಲ. ಪ್ರತಿ ತಿಂಗಳು ಅದು ಬಂದ ಕೂಡಲೇ ಕನ್ನಡಕ ಹಾಕಿಕೊಂಡು, ಮೇಲೆ ಅಚ್ಚಾದ ಸ್ಟ್ಯಾನಿಸ್ಲಾಸ್ ಎನ್ನುವ ಹೆಸರನ್ನು ಬೆರಳಿನಿಂದ ಮುಟ್ಟಿ, ಶಿಲುಬೆಯ ಗುರುತು ಮಾಡಿ, ಗೋಡೆಯ ಅಲ್ತಾರಿನ ದೇವರ ಚಿತ್ರದ ಹಿಂದೆ ಸಿಕ್ಕಿಸುತ್ತಾರೆ. ಬೇರೆ ಎಲ್ಲ ಕಡೆ ಪಪ್ಪನ ಹೆಸರಿನ ಹಿಂದೆ 'ದಿವಂಗತ' ಬಂದಾಯಿತು, ಬಿಲ್ಲಿನಲ್ಲಿ ಮಾತ್ರ ಅವರು ಬದುಕಿದ್ದಾರೆ ಎನ್ನುತ್ತಿದ್ದರು.

ವೇದಾವತಿಯವರೇ ನಮ್ಮ ಮನೆಗೆ ಬಂದರು. ಮಾಂಯ್ ಅವರಿಗೆ ಕಾಫಿ ಕೊಡಿಸಿದರು, ಬಿಸ್ಕತ್ತು ಕೊಡಿಸಿದರು, ಸಹಿ ಮಾತ್ರ ಕೊಡಲಿಲ್ಲ. "ಒಂದು ಹೆಸರು ಕಾನ್ವೆಂಟಿಗೆ ಹೋಯಿತು. ಇನ್ನೊಂದು ಕರೆಂಟ್ ಆಫೀಸಿಗೆ ಹೋಗುವುದು ಬೇಡ" ಎಂದುಬಿಟ್ಟರು. ನಿನ್ನ ವಿಷಯ ಅದು, ನಿನಗೆ ಅರ್ಥವಾಗುತ್ತದೆ. ನೀನು ವ್ರತ ತೆಗೆದುಕೊಂಡ ದಿನ ಬಿಷಪರು ನಿನ್ನನ್ನು ಹೊಸ ಹೆಸರಿನಿಂದ ಕರೆದಾಗ ಮಾಂಯ್ ಇಗರ್ಜಿಯಿಂದ ಎದ್ದು ಹೊರಗೆ ಹೋದದ್ದು ನಿನಗೆ ನೆನಪಿರಬಹುದು. ಹೆತ್ತು ಹೆಸರಿಟ್ಟವಳು ನಾನು, ಜೋನ್ ಎಂದು ಹಾಕಿದರೆ ತಲುಪುವುದಾದರೆ ಕಾಗದ ಬರೆಯುತ್ತೇನೆ, ಇಲ್ಲವಾದರೆ ಇಲ್ಲ ಎಂದವರು ಇಲ್ಲಿಯವರೆಗೆ ನಿನಗೆ ಒಂದು ಸಾಲು ಬರೆಯಲಿಲ್ಲ. ಅಂಥವರ ಹತ್ತಿರ ನಾನು ಹೇಗೆ ಗೆಲ್ಲುವುದು? ರೊಸಾರಿಯೊ ತಲೆ ಚಚ್ಚಿಕೊಂಡರು. ವೇದಾವತಿಯವರು ಒತ್ತಾಯ ಮಾಡಲಿಲ್ಲ. "ಮೇಜು ಮುಂದಿನ ತಿಂಗಳೂ ಉಂಟು ಅಮ್ಮ, ಅದರ ಮುಂದಿನ ತಿಂಗಳೂ ಉಂಟು" ಎಂದಷ್ಟೇ ಹೇಳಿ ಹೋದರು.

ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗುಡುಗು ಮಳೆ ಬಂತು. ಕರೆಂಟ್ ಹೋಯಿತು, ಇನ್ವರ್ಟರ್ ಅತ್ತು ಸುಮ್ಮನಾಯಿತು. ಸಿಲಿಂಡರ್ ತೆರೆಯುವ ಸ್ಪ್ಯಾನರ್ ಇಟ್ಟ ಜಾಗದಲ್ಲಿಲ್ಲ! ರೊಸಾರಿಯೊ ಅದನ್ನು ಬಾವಿಯ ಪಂಪಿಗೆ ಕೊಂಡುಹೋಗಿ ಅಲ್ಲೇ ಬಿಟ್ಟಿದ್ದರು. ನಾನು ಮಳೆಯಲ್ಲಿ ಓಡಿ, ಮಲ್ಲಿಗೆ ಬುಡದ ಕೆಸರಿನಲ್ಲಿ ಜಾರಿ ಬಿದ್ದು, ಎದ್ದು, ತಂದು ತಿರುಗಿಸುವಾಗ ಮಾಂಯ್‌ನ ತುಟಿ ನೇರಳೆಯಾಗಿತ್ತು. ನಾನು ಹೆದರಿದಷ್ಟು ನನ್ನ ಶತ್ರುವೂ ಹೆದರುವುದು ಬೇಡ. ಉಸಿರು ತಿರುಗಿದ ಮೇಲೆ ನಾನು ನೆಲದಲ್ಲಿ ಕೂತು ಗೊಳೋ ಎಂದು ಅತ್ತೆ. ಮಾಂಯ್ ನನ್ನ ತಲೆಯ ಕೆಸರನ್ನು ಸೆರಗಿನಿಂದ ಒರೆಸಿದರು. ಒರೆಸಿ ಮುಗಿಸಿ, "ಹೆಸರು ಬದಲಾಯಿಸು ರೇಚಲ್. ನಿನ್ನ ಪಪ್ಪ ಮಕ್ಕಳನ್ನು ಅಳಿಸಿದವರಲ್ಲ" ಎಂದರು. ಮುಂದಿನ ಮೇಜಿನ ದಿನ ಸಿಲಿಂಡರನ್ನು ಜೊತೆಗಿಟ್ಟುಕೊಂಡು ಆಟೋದಲ್ಲಿ ಹೋಗಿ ತಾವೇ ಸಹಿ ಹಾಕಿದರು. ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತಿದ್ದರು.

ಮೇ ತಿಂಗಳಿನಲ್ಲಿ ಪ್ಯಾನೆಲ್ ಏರಿತು, ಒಳಗೆ ಬ್ಯಾಟರಿಯ ಪೆಟ್ಟಿಗೆಯೂ ಕೂತಿತು. ಫಾದರ್ ತೀರ್ಥ ಚಿಮುಕಿಸಿ ಆಶೀರ್ವದಿಸುವಾಗ, ಪಕ್ಕದ ಮನೆಯ ಯಜ್ಞನಾರಾಯಣ ಭಟ್ಟರು ತಮ್ಮ ಟೆರೇಸಿನಿಂದ, "ನಾನು ದಿನಾ ಅರ್ಘ್ಯ ಕೊಡುವ ಸೂರ್ಯನಿಗೆ ನೀವು ಈಗ ನಾಮಕರಣ ಮಾಡ್ತಾ ಇದ್ದೀರಾ ಫಾದರ್?" ಎಂದು ಕೇಳಿದರು. ಫಾದರ್ ನಕ್ಕು ಅವರ ಕಡೆಗೂ ಒಂದು ಸಲ ತೀರ್ಥ ಚಿಮುಕಿಸಿದರು. ಭಟ್ಟರೂ ಈಗ ಮೇಜಿಗೆ ಹೋಗಿ ಬಂದಿದ್ದಾರೆ.

ಕಳೆದ ಭಾನುವಾರ ಇಗರ್ಜಿಯಲ್ಲಿ ಪೆಂತೆಕೊಸ್ತ್ ಹಬ್ಬದ ಪೂಜೆ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದೆವು. ಅಂಥ ಗಾಳಿ ನಾನು ಈ ಹತ್ತಿರದಲ್ಲಿ ನೋಡಿಲ್ಲ. ಕಟಪಾಡಿಯ ಕಡೆಗೆಲ್ಲ ಕರೆಂಟ್ ಹೋಯಿತು, ಭಟ್ಟರ ಮನೆಯ ಮಿಕ್ಸಿ ನಿಂತಿತು, ಟಿವಿ ನಿಂತಿತು. ನಾನು ಅಭ್ಯಾಸದಿಂದ ಸ್ಪ್ಯಾನರಿಗೆ ಓಡಿದೆ. ಬಂದು ನೋಡುತ್ತೇನೆ, ಮಾಂಯ್‌ನ ಮೆಷಿನ್ ಗುರ್ ಎನ್ನುತ್ತಾ ತನ್ನಷ್ಟಕ್ಕೆ ನಡೆಯುತ್ತಿದೆ! ಮಾಂಯ್ ಮೀನಿನ ಮುಳ್ಳು ಬಿಡಿಸುತ್ತಿದ್ದಾರೆ. ಸಂಜೆಯಾದರೂ ಅದು ನಿಲ್ಲಲಿಲ್ಲ. ನನಗೆ ಊಟ ಸೇರಲಿಲ್ಲ ಜೋನ್. ಎಲ್ಲಿಯ ಸೂರ್ಯ, ಎಲ್ಲಿಯ ಶಂಕರಪುರ! ಶನಿವಾರ ಮಧ್ಯೆ ಮಧ್ಯೆ ಬಿದ್ದ ಬಿಸಿಲು ಪೆಟ್ಟಿಗೆಯೊಳಗೆ ಕೂತಿದ್ದು, ಭಾನುವಾರದ ಮಳೆಯಲ್ಲಿ ನನ್ನ ತಾಯಿಯ ಮೂಗಿನೊಳಗೆ ಉಸಿರಾಗಿ ಹೋಗುತ್ತಿದೆ. ಮಾಂಯ್ ಕಿಟಕಿಯಿಂದ ಆ ಕಪ್ಪು ಆಕಾಶವನ್ನು ನೋಡಿ, "ಇಷ್ಟು ಮೋಡದಲ್ಲೂ ಅವನಿದ್ದಾನಲ್ಲ" ಎಂದರು. ನೀನು ಅಲ್ಲಿ ದಿನವಿಡೀ ಪ್ರಾರ್ಥಿಸುವುದು ಇಂಥದ್ದಕ್ಕೇ ಇರಬೇಕು ಎಂದು ನನಗೆ ಮೊದಲ ಸಲ ಅನಿಸಿತು. ಇದನ್ನು ನಿಮ್ಮ ಸಿಸ್ಟರುಗಳಿಗೆ ಹೇಳಬೇಡ, ಉಬ್ಬಿಹೋಗುತ್ತಾರೆ.

ನಿನ್ನೆ ಹೊಸ ಬಿಲ್ ಬಂತು. ಮೇಲೆ ಜೆರ್ಟ್ರೂಡ್ ಎಂದು ಮಾಂಯ್ ಹೆಸರು ಅಚ್ಚಾಗಿದೆ. ಮದುವೆಯಾದ ಮೇಲೆ ಊರವರ ಬಾಯಲ್ಲಿ ಸ್ಟ್ಯಾನಿಸ್ಲಾಸರ ಮನೆಯವರಾಗಿಯೇ ಇದ್ದ ಮಾಂಯ್ ಅದನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ಕುಳಿತರು. ಆಮೇಲೆ ಅಲ್ತಾರಿನ ಹಿಂದೆ, ಪಪ್ಪನ ಬಿಲ್ಲುಗಳ ಪಕ್ಕದಲ್ಲೇ ಸಿಕ್ಕಿಸಿದರು. ಇಬ್ಬರೂ ಈಗ ಅಲ್ಲೇ ಇದ್ದಾರೆ.

ಮಳೆ ನಿಂತಿದೆ, ಪೋಸ್ಟಿಗೆ ಹೋಗಬೇಕು. ಎಣ್ಣೆ ಹಚ್ಚಲು ಮರೆಯಬೇಡ. ರೊಸಾರಿಯೊ ನಿನಗೆ ನಮಸ್ಕಾರ ಹೇಳಿದ್ದಾರೆ, ಜೊತೆಗೆ ನಿಮ್ಮ ಕಾನ್ವೆಂಟಿನ ಹಂಚಿನ ಮಾಡು ಯಾವ ದಿಕ್ಕಿಗೆ ಉಂಟು ಎಂದೂ ಕೇಳಿದ್ದಾರೆ. ಅದಕ್ಕೆ ಉತ್ತರ ಬರೆದರೆ ಅಲ್ಲಿಗೂ ಬುದ್ಧಿ ಹೇಳಲು ಬಂದಾರು. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಕ್ಕ,
ರೇಚಲ್

ತಾ.ಕ.: ನಾನು ಕೊಡೆ ಹುಡುಕುವುದರೊಳಗೆ ಮಾಂಯ್ ಪೆನ್ನು ಕೇಳಿದರು. "ಅವಳ ಈಗಿನ ಹೆಸರು ಎಂತ, ಸರಿಯಾಗಿ ಹೇಳು" ಎಂದು ಎರಡೆರಡು ಸಲ ಕೇಳಿ, ಮೂಗಿಗೆ ಪೈಪಿದ್ದ ಹಾಗೆಯೇ ಮೇಜಿಗೆ ಬಗ್ಗಿ ಬರೆದರು. ಹಾಗಾಗಿ ಈ ಕಾಗದ ಓದಿಯಾದ ಮೇಲೆ ಲಕೋಟೆಯನ್ನು ಎಸೆಯಬೇಡ ಜೋನ್. ಅದರ ಮೇಲೆ 'ಸಿಸ್ಟರ್ ಸೆಲೆಸ್ಟಿನ್' ಎಂದು ಬರೆದ ಅಕ್ಷರ ನನ್ನದಲ್ಲ.