ನೇಪಲ್ಸಿನ ಓಣಿಯಲ್ಲಿ ನಿನ್ನ ಕುರ್ಚಿ

ಪ್ರಿಯ ಶಿಷ್ಯೆ ನದೀಶಾ,

ವಲಸೆಯ ಕುರಿತ ಕಲಾಕೃತಿಗಳನ್ನು ಬೀದಿಗಳಲ್ಲಿಡುತ್ತಾ ಯುರೋಪು ಸುತ್ತುವ ಕಲಾಯಾತ್ರೆ ಇಂದು ನಮ್ಮ ಓಣಿಗೆ ಬಂದಿತ್ತು. ಊರು ಬಿಟ್ಟವರ ನೆನಪಿಗೆ ಬೀದಿಯಲ್ಲೊಂದು ಖಾಲಿ ಕುರ್ಚಿ ಇಡೋಣವೆಂದು ಹಿಂದೆ ನೀನು ಹೇಳಿದಾಗ, ಯಾರಿಗೂ ಅರ್ಥವಾಗದೆಂದು ತಳ್ಳಿಹಾಕಿದವನು ನಾನೇ. ನೀನು ವಿಳಾಸವನ್ನೂ ಕೊಡದೆ ಹೊರಟುಹೋದೆ. ಈ ಸಲ ಯಾತ್ರೆಯ ಕೃತಿಯಾಗಿ ಆ ಕುರ್ಚಿಯನ್ನು ನಿನ್ನ ಹೆಸರಿನಲ್ಲೇ ಇರಿಸಿದೆ.

ಅದು ಕಲೆಯೆಂದು ಒಬ್ಬರಿಗೂ ಹೊಳೆಯಲಿಲ್ಲ. ಇಲ್ಲಿನ ರೂಢಿಯಂತೆ ಕಾರು ನಿಲ್ಲಿಸಲು ಯಾರೋ ಕುರ್ಚಿಯಿಟ್ಟು ಜಾಗ ಹಿಡಿದಿದ್ದಾರೆಂದೇ ಎಲ್ಲರೂ ಭಾವಿಸಿದರು. ಮೀನಂಗಡಿಯ ಅಸುಂತಾ ಕಲಾವಿದರ ಲಾರಿಯನ್ನೇ ತಡೆದಳು.

“ಕಣ್ ಕಾಣಲ್ವೇನಪ್ಪಾ? ಕುರ್ಚಿ ಇದೆ. ಅತ್ಲಾಗ್ ಹೋಗಿ ನಿಲ್ಸು.”

ಸಂಜೆ ನನ್ನನ್ನು ಕೇಳಿದಳು: “ಯಾರಿಗೆ ಹಿಡ್ದಿದೀರಿ ಮೇಷ್ಟ್ರೇ ಜಾಗ?”

“ನನ್ನ ಶಿಷ್ಯೆಗೆ.”

“ಯಾವಾಗ ಬರ್ತಾಳೆ?”

ನಾನು ಕುರ್ಚಿಯ ಮೇಲಿನ ಧೂಳು ಒರೆಸಿದೆ.

“ಇರ್ಲಿ ಬಿಡಿ, ಬರೋವರ್ಗೂ ಯಾರ್ ಮುಟ್ತಾರೋ ನೋಡ್ತೀನಿ.”

ಯಾತ್ರೆ ಮುಂದಿನ ಊರಿಗೆ ಹೊರಟಿತು. ಕುರ್ಚಿಯನ್ನು ಲಾರಿಗೇರಿಸಲು ಅವಳು ಬಿಡಲಿಲ್ಲ.